ದಾನಿಯ ಪ್ರಶ್ನೆ

ಕಾನೂನು ಓದುವವರಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಆ ವೃದ್ಧ ದಾನಿ, ಅರ್ಜಿ ಹಾಕಿದವರನ್ನು ಮನೆಗೇ ಕರೆಸಿ ಮಾತಾಡಿಸುತ್ತಿದ್ದರು. ಅಂದು ಬಂದು ಕೂತಿದ್ದ ಹುಡುಗಿಗೆ ಆ ವೇತನ ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

“ತಂದೆ ಹೇಗೆ ತೀರಿಕೊಂಡ್ರಮ್ಮ?”

ನಿಜ ಹೇಳಿದರೆ ಕೊಡುವುದಿಲ್ಲ ಎಂದು ಗೆಳತಿಯರು ಅವಳನ್ನು ಹೆದರಿಸಿ ಕಳಿಸಿದ್ದರು.

“ಗಲ್ಲಿಗೆ ಹಾಕಿದ್ರು ಸರ್. ಆದ್ರೆ ಆ ಕೊಲೆ ನಮ್ಮಪ್ಪ ಮಾಡಿರ್ಲಿಲ್ಲ.”

“ಯಾರು ಹೇಳಿದ್ರು?”

“ಅಜ್ಜಿ. ಗಲ್ಲುಶಿಕ್ಷೆ ಬರೆದ ಮೇಲೆ ಜಡ್ಜು ಆ ಪೆನ್ನಿನ ನಿಬ್ಬು ಮುರಿದುಹಾಕ್ತಾರಂತೆ. ನಿರಪರಾಧಿಗೆ ಬರೆದಿದ್ರೆ ಆಮೇಲೆ ಅವರಿಗೆ ನಿದ್ದೇನೇ ಬರೋಲ್ವಂತೆ.”

ದಾನಿಯ ಮುಖ ಕಪ್ಪಿಟ್ಟಿತು. ಎಲ್ಲ ಹಾಳಾಯಿತೆಂದು ಅವಳು ಎದ್ದಳು.

“ಕೂತ್ಕೋಮ್ಮ. ನಿಮ್ಮಜ್ಜಿ ಹೇಳಿದ್ದು ನಿಜ, ನಿದ್ದೆ ಬರೋಲ್ಲ.”

ಅವರು ಮೇಜಿನ ಖಾನೆ ಎಳೆದು ಹಳೆಯ ಪೆನ್ನೊಂದನ್ನು ಅವಳ ಮುಂದಿಟ್ಟರು. ಅದರ ನಿಬ್ಬು ಮುರಿದಿತ್ತು.