ರೂತ್ ಆಂಟಿಯ ಚಪ್ಪರ

ಮಾದಲ ಹಣ್ಣಿನ ಪರಿಮಳ ಬಂದರೆ ಈಗಲೂ ನನಗೆ ಆಗ ನಾವಿದ್ದ ಪೋರ್ಟರ್ ರ್ಯಾಂಚ್ ಬಡಾವಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕೋವಿಡ್ ಶುರುವಾದ ವರ್ಷ ಅದು. ಪಕ್ಕದ ಮನೆಯ ರೂತ್ ಆಂಟಿ ತಮ್ಮ ಯಹೂದಿ ಹಬ್ಬ ಸುಕ್ಕೋತ್‌ಗೆಂದು ಹಿತ್ತಲಲ್ಲಿ ತಾಳೆಗರಿಯ ಚಪ್ಪರ ಹಾಕಿಸಿದ್ದರು. ಸ್ಯಾನ್ ಡಿಯಾಗೋದ ಮಗಳು ಬರುವಂತಿರಲಿಲ್ಲ. ಹಬ್ಬದ ಹಣ್ಣನ್ನು ಅವರು ಗೋಡೆಯ ಮೇಲಿಂದ ಚಾಚಿದಾಗ ಅಜ್ಜಿ ಮಾಸ್ಕ್ ಸರಿಸಿ ಮೂಸಿ, "ನಮ್ಮ ಮಾದಲ ಹಣ್ಣು ಕಣೇ ಇದು!" ಎಂದು ಹಿಗ್ಗಿದರು.

"ಎಲ್ಲರೂ ಬನ್ನಿ, ಈ ಹಬ್ಬಕ್ಕೆ ಅತಿಥಿಗಳು ಬೇಕು," ಎಂದು ಆಂಟಿ ಕರೆದರು. ನಾನು ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿದ್ದರು.

"ಬೇಡಮ್ಮ, ರಿಸ್ಕು. ಮುಂದಿನ ವರ್ಷ ಹೋಗೋಣ," ಎಂದು ಅಪ್ಪ ತಡೆದರು.

ಆಂಟಿ ಒಬ್ಬರೇ ಚಪ್ಪರದಡಿ ಊಟಕ್ಕೆ ಕುಳಿತರು.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳು ಮನೆ ಖಾಲಿ ಮಾಡಲು ಬಂದ ದಿನ, ಮಾತನಾಡಿಸಲೆಂದು ಹೊರಟ ಅಪ್ಪ ಗೋಡೆಯ ಬಳಿಯೇ ನಿಂತುಬಿಟ್ಟರು.