ಏಳನೇ ನಂಬರಿನ ಸೀನು

ತಾಳಿ ಕಟ್ಟಲು ಬಲಗೈ ಎತ್ತಿದಾಗಲೆಲ್ಲ ಮದುಮಗ ಶ್ರೀಕರ ಒಂದು ಸೀನು ಸೀನುತ್ತಿದ್ದ. ಇದು ನಾಲ್ಕನೆಯದು.

"ಒಂಟಿ ಸೀನು, ಅಪಶಕುನ! ನೀರು ಕುಡಿದು ಕೂತ್ಕೊಳ್ಳಪ್ಪಾ," ಎಂದರು ನರಹರಿ ಜೋಯಿಸರು. ಮುಹೂರ್ತಕ್ಕೆ ಉಳಿದದ್ದು ಆರೇ ನಿಮಿಷ.

ದೇಹ ರಿಪೇರಿಯ ಪ್ರಫುಲ್ಲಾ ಊಟಕ್ಕೆಂದು ಬಂದಿದ್ದವಳು, ಮಂಟಪ ಹತ್ತಿ ಅವನ ಕಿವಿಯ ಹಿಂದೆ ವೈರು ಸಿಕ್ಕಿಸಿದಳು. ತೊಂದರೆ ತಕ್ಷಣ ಕಂಡಿತು. ಹುಟ್ಟಿನಿಂದ ಬಂದ ಫರ್ಮ್‌ವೇರು, ಅಂದರೆ ಮೈಯೊಳಗಿನ ಮೂಲ ಸಾಫ್ಟ್‌ವೇರು, ಅಂಗಗಳನ್ನು ಎಬ್ಬಿಸುವ ಏಳನೇ ನಂಬರಿನ ಕರೆಗಂಟೆಯನ್ನು ಸೀನಿಗೆ ಕೊಟ್ಟಿತ್ತು. ಹೋದ ವಾರ ಹಾಕಿಸಿದ ಆಪರೇಟಿಂಗ್ ಸಿಸ್ಟಂ ಅದನ್ನೇ ಬಲಗೈಗೆ ಕೊಟ್ಟಿತ್ತು. ಒಂದೇ ಗಂಟೆಗೆ ಎರಡು ಮನೆಯವರು ಬಾಗಿಲು ತೆಗೆಯುತ್ತಿದ್ದರು.

"ಸರಿಯಾಗತ್ತೇನಮ್ಮಾ?" ಮಾವ ಬೆವರು ಒರೆಸಿಕೊಂಡರು.

"ಆಗತ್ತೆ. ಆಫ್ ಮಾಡಿ ಆನ್ ಮಾಡ್ಬೇಕು. ಅರ್ಧ ಗಂಟೆ ಅಳಿಯಂದಿರು ಇಲ್ಲೇ ಅಂಗಾತ ಮಲಗಿರ್ತಾರೆ."

"ಬೇಡ ಅಕ್ಕಾ," ಎಂದಳು ಮದುಮಗಳು ಸುಗುಣ. "ಕೊರಳಲ್ಲಿ ಹಾರ ಬೇರೆ ಇದೆ, ಜನ ತಪ್ಪು ತಿಳ್ಕೋತಾರೆ."

ಪ್ರಫುಲ್ಲಾ ಜೋಯಿಸರತ್ತ ತಿರುಗಿದಳು. "ಜೋಡಿ ಸೀನು ಬಂದ್ರೆ?"

"ಜೋಡಿಯಾದ್ರೆ ಶುಭಾನೇ."

ಅವಳು ಆ ಎರಡರ ಜಗಳ ಬಿಡಿಸುವ ಗೋಜಿಗೇ ಹೋಗಲಿಲ್ಲ. ಗಂಟೆ ಬಡಿದರೆ ಹೊಸ ಸಿಸ್ಟಂ ಕೂಡ ಮೊದಲು ಒಂದು ಸೀನು ಸೀನಿಸಲಿ, ಆಮೇಲೆ ಕೈ ಎತ್ತಿಸಲಿ ಎಂದು ಅದರೊಳಗೆ ಆದೇಶ ಬರೆದಳು.

ಶ್ರೀಕರ ಎರಡು ಸಲ ಸೀನಿದ.

"ಶುಭಂ! ಗಟ್ಟಿಮೇಳ, ಗಟ್ಟಿಮೇಳ!" ಜೋಯಿಸರು ಕೂಗಿದರು. ಓಲಗದವರು ಊದಿದರು, ತಾಳಿ ಕಟ್ಟಿದ್ದಾಯಿತು.

"ನಾಳೆ ಅಂಗಡಿಗೆ ಕಳಿಸಿ, ಪೂರ್ತಿ ಸರಿ ಮಾಡ್ತೀನಿ," ಎಂದಳು ಪ್ರಫುಲ್ಲಾ.

ಜೋಯಿಸರು ಅಡ್ಡ ಬಂದರು. "ಈ ವಾರ ಬೇಡಮ್ಮಾ. ಶುಕ್ರವಾರ ನಂದೊಂದು ಗೃಹಪ್ರವೇಶ ಇದೆ. ಹುಡುಗನ್ನ ಹೀಗೇ ಕರ್ಕೊಂಡ್ಹೋಗ್ತೀನಿ."