ಜೆಮಿಮಾ ಟೀಚರ್ ಇಳಿಸಿದ ಶ್ರುತಿ

ಬೆಟಗೇರಿಯ ಜೆಮಿಮಾ ಟೀಚರ್ ಹಾಡು ಎತ್ತಿದರೆ, ಚರ್ಚಿನ ಹೊರಗೆ ಹೋಗುವವರೂ ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು...

ಮೂವತ್ತು ವರ್ಷಗಳಿಂದ ಪ್ರತಿ ಭಾನುವಾರ ಮೊದಲ ಹಾಡು ಅವರದೇ.

ಹೋದ ವರ್ಷ ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು.

"ಥೈರಾಯ್ಡ್ ಗಂಟು, ತಗೀಲೇಬೇಕ್ರಿ" ಅಂದರು ಡಾಕ್ಟರ್. "ಧ್ವನಿ ನರ ಬಾಜೂಕ ಐತಿ. ಧ್ವನಿ ಮೊದಲಿನಂಗ ಇರತೈತಿ ಅಂತ ಮಾತು ಕೊಡಾಕ ಆಗೂದಿಲ್ಲ."

ಅಂದಿನಿಂದ ಟೀಚರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ದಿನವಿಡೀ ಒಂದೇ ಪ್ರಾರ್ಥನೆ...

"ಯೇಸಪ್ಪಾ, ಬ್ಯಾರೆ ಏನರ ತಗೋ... ಧ್ವನಿ ಮಾತ್ರ ಮುಟ್ಟಬ್ಯಾಡ."

ಗಂಡ ಸತ್ಯಪಾಲರು ಕೇಳಿಯೇಬಿಟ್ಟರು: "ನೀ ಪ್ರಾರ್ಥನಾ ಮಾಡಾಕತ್ತೀಯೋ, ಸ್ವಾಮಿಗೆ ಆರ್ಡರ್ ಮಾಡಾಕತ್ತೀಯೋ?"

ಟೀಚರಿಗೆ ಸಿಟ್ಟು ಬಂತು. ಎದ್ದು ಒಳಗೆ ಹೋಗಿ ಮತ್ತೆ ಅದೇ ಪ್ರಾರ್ಥನೆಗೆ ಕೂತರು.

ಆಪರೇಷನ್ ದಿನ ಬಂತು. ಗಂಟಲಿಗೆ ಆಯಾಸವಾದೀತೆಂದು ಟೀಚರ್ ವಾರ್ಡಿನಲ್ಲಿ ಯಾರೊಂದಿಗೂ ಮಾತಾಡದೆ ಕೂತಿದ್ದರು.

ಪಕ್ಕದ ಮಂಚದಲ್ಲಿ ರೋಣದ ಕಡೆಯ ಶಂಕ್ರವ್ವ. ಅವಳಿಗೂ ಅಂದೇ ಹೊಟ್ಟೆಯ ಆಪರೇಷನ್. ಗಡಗಡ ನಡುಗುತ್ತಿದ್ದಳು.

"ಅಕ್ಕಾರ... ನೀವು ದೇವರ ಹಾಡು ಚಲೋ ಹಾಡತೀರಂತ ನರ್ಸಬಾಯಾರು ಹೇಳಿದ್ರು. ನನಗೊಂದು ಹಾಡ್ರಿ. ಭಾಳ ಅಂಜಿಕಿ ಆಗೇತಿ."

ಟೀಚರ್ ಗಂಟಲು ಮುಟ್ಟಿಕೊಂಡರು. ಇದೇ ಕೊನೆಯ ಹಾಡಾದರೆ...?

ಆದರೆ ಆ ಕಣ್ಣುಗಳನ್ನು ನೋಡಿ ಇಲ್ಲ ಅನ್ನಲು ಆಗಲಿಲ್ಲ. ಅವಳ ಕೈ ಹಿಡಿದು, ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದ ಹಾಡನ್ನು ಮೆಲ್ಲಗೆ ಹಾಡಿದರು.

ಎರಡನೇ ಚರಣಕ್ಕೆ ಶಂಕ್ರವ್ವನ ನಡುಕ ನಿಂತಿತು.

"ನಿಮಗ ಅಂಜಿಕಿ ಇಲ್ಲೇನ್ರಿ, ಅಕ್ಕಾರ?"

"ಐತವ್ವಾ... ನಿನಗಿಂತ ಹೆಚ್ಚು ಐತಿ."

ಹೇಳುತ್ತಲೇ ಟೀಚರ್ ಅತ್ತುಬಿಟ್ಟರು. ಕೈ ಬಿಡದೆ ಇಬ್ಬರೂ ಕಣ್ಣು ಮುಚ್ಚಿದರು. ಟೀಚರ್ ಪ್ರಾರ್ಥಿಸಿದರು:

"ಯೇಸಪ್ಪಾ, ನಾವಿಬ್ಬರೂ ನಿನ್ನ ಕೈಯಾಗ ಅದೀವಿ. ಈ ಧ್ವನಿ ನೀ ಕೊಟ್ಟಿದ್ದು... ಇಟ್ಟರೂ ಸೈ, ತಗೊಂಡರೂ ಸೈ. ನೀ ಮಾತ್ರ ನಮ್ಮ ಜೋಡಿಗಿರು."

ಆಮೇಲೆ ಟೀಚರ್ ಹಾಗೇ ಒರಗಿದರು. ಥಿಯೇಟರಿಗೆ ಕರೆದೊಯ್ಯಲು ಬಂದ ನರ್ಸ್ ಅವರನ್ನು ಗಾಢ ನಿದ್ದೆಯಿಂದ ಎಬ್ಬಿಸಬೇಕಾಯಿತು!

ಇಬ್ಬರ ಆಪರೇಷನ್ನೂ ಸುಸೂತ್ರವಾಗಿ ಮುಗಿಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಆದರೆ ಟೀಚರ ಧ್ವನಿಯ ಎತ್ತರದ ಸ್ವರ ಹೋಗಿತ್ತು. ಉಳಿದದ್ದು ತಗ್ಗಿದ, ತುಸು ಗೊಗ್ಗರು ಧ್ವನಿ.

ಎರಡು ತಿಂಗಳ ನಂತರ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಸಭಾಪಾಲಕರು ಮುಂದೆ ವೇದಿಯ ಬಳಿಯಿಂದಲೇ ಕರೆದರು: "ಟೀಚರ, ಹಾಡು ಎತ್ರಿ."

"ಮೊದಲಿನಂಗ ಬರೂದಿಲ್ರಿ, ಅಯ್ಯಾರ."

"ಹೆಂಗ ಬರತೈತಿ ಹಂಗ ಎತ್ರಿ."

ಎತ್ತಿದರು... ತಮ್ಮ ಈಗಿನ ಧ್ವನಿಗೆ ಹೊಂದುವ ಕೆಳಗಿನ ಶ್ರುತಿಯಲ್ಲಿ.

ಒಂದು ಸಾಲು ಮುಗಿಯುವಷ್ಟರಲ್ಲಿ ಬೆಚ್ಚಿಬಿದ್ದರು. ಇಡೀ ಸಭೆ ಹಾಡುತ್ತಿತ್ತು! ಇಷ್ಟು ವರ್ಷ ಸುಮ್ಮನೆ ಕೂತು ಕೇಳುತ್ತಿದ್ದ ಮುದುಕರು, ಬೀಡಿ ಸೇದಿ ಗಂಟಲು ಕೆಡಿಸಿಕೊಂಡವರು... ಎಲ್ಲರೂ!

ಆರಾಧನೆ ಮುಗಿದ ಮೇಲೆ, ಎಂಬತ್ತು ದಾಟಿದ ಯೋನಪ್ಪಜ್ಜ ಕೋಲೂರಿಕೊಂಡು ಬಂದರು. ಕಣ್ಣು ಒದ್ದೆಯಾಗಿತ್ತು.

"ಟೀಚರ, ನಿಮ್ಮ ಹಾಡು ಕೇಳಾಕ ಭಾಳ ಚಂದ ಇತ್ತು, ಖರೆ... ಆದ್ರ ಅಷ್ಟು ಮ್ಯಾಲೆ ನಮ್ಮ ಧ್ವನಿ ಏರತಿರಲಿಲ್ಲ. ಎಷ್ಟೋ ವರ್ಷದ ಮ್ಯಾಲೆ ಇವತ್ತು ನಾನೂ ದೇವರಿಗೆ ಹಾಡಿದ್ನಿ, ನೋಡ್ರಿ."

ಟೀಚರ್ ಅಜ್ಜನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು...

ಚಿಂತೆ ನಮ್ಮ ಮುಷ್ಟಿಯನ್ನು ಬಿಗಿ ಮಾಡುತ್ತದೆ. ನಂಬಿಕೆ ಅದನ್ನು ದೇವರ ಮುಂದೆ ಬಿಚ್ಚುತ್ತದೆ.

ದೇವರ ಕೈಗೆ ಕೊಡಲು ನಿಮಗೆ ಇನ್ನೂ ಮನಸ್ಸು ಬಾರದಿರುವುದು ಯಾವುದು...?